ಕೈಯಲ್ಲಿ ಜಪಸರ, ಹೆಗಲಲ್ಲಿ ಕ್ಯಾಮೆರಾ

ಪ್ರಶ್ನೆ: ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ನನಗೆ ಮಂಗಳೂರಲ್ಲಿ ಕೆಲಸ. ಮೊಂತಿ ಫೆಸ್ತಿಗೆ (ಸೆಪ್ಟೆಂಬರಿನ ತೆನೆ ಹಬ್ಬ), ಚರ್ಚಿನ ವರ್ಷದ ಹಬ್ಬಕ್ಕೆ, ಈಸ್ಟರಿನ ಮುಂಚಿನ ಪವಿತ್ರ ವಾರಕ್ಕೆ ತಪ್ಪದೆ ಊರಿಗೆ ಬರುತ್ತೇನೆ. ಹೋದ ವರ್ಷ ಒಂದು ಕ್ಯಾಮೆರಾ ತಗೊಂಡೆ. ಅದರ ಜೊತೆ ಬಂದ 18–55 ಎಂಎಂ ಝೂಮ್ ಲೆನ್ಸ್ ಮಾತ್ರ ಇದೆ. ಮೆರವಣಿಗೆಯಲ್ಲಿ ಫೋಟೋ ತೆಗೆಯಲು ಹೋದರೆ ಪ್ರಾರ್ಥನೆ ತಪ್ಪುತ್ತದೆ, ಪ್ರಾರ್ಥನೆಯಲ್ಲಿ ಮನಸ್ಸಿಟ್ಟರೆ ಒಳ್ಳೆ ಫೋಟೋ ಎಲ್ಲಾ ಕೈತಪ್ಪುತ್ತವೆ. ಅಮ್ಮ ಅಂತೂ 'ನೀನು ಫೆಸ್ತಿಗೆ ಬಂದದ್ದಾ, ಮದುವೆ ಶೂಟಿಂಗಿಗೆ ಬಂದದ್ದಾ' ಅಂತ ಕೇಳಿಯೇ ಬಿಟ್ಟರು. ರಾತ್ರಿ ತೆಗೆದ ಫೋಟೋಗಳಲ್ಲಿ ಕಪ್ಪು ಪಟ್ಟೆ ಬಂದಿದೆ. ಎರಡನ್ನೂ ಒಟ್ಟಿಗೆ ಮಾಡುವ ದಾರಿ ಉಂಟಾ? ಹೊಸ ಲೆನ್ಸ್ ಬೇಕಾ?

ಉತ್ತರ: ನೇರವಾಗಿ ಹೇಳುತ್ತೇನೆ. ಎರಡನ್ನೂ ಒಂದೇ ಹೊತ್ತಿನಲ್ಲಿ ಮಾಡಲು ಆಗುವುದಿಲ್ಲ. ಒಂದೇ ಹಬ್ಬದಲ್ಲಿ ಧಾರಾಳವಾಗಿ ಮಾಡಬಹುದು. ಯಾವ ಹೊತ್ತು ಕ್ಯಾಮೆರಾಕ್ಕೆ, ಯಾವ ಹೊತ್ತು ಜಪಸರಕ್ಕೆ ಅಂತ ಮನೆಯಿಂದ ಹೊರಡುವ ಮೊದಲೇ ಭಾಗ ಮಾಡಿಕೊಳ್ಳಬೇಕು. ಅಲ್ಲಿಗೆ ಹೋದ ಮೇಲೆ ನೋಡೋಣ ಅಂದುಕೊಂಡರೆ ಯಾವಾಗಲೂ ಕ್ಯಾಮೆರಾವೇ ಗೆಲ್ಲುತ್ತದೆ. ಬ್ಯಾಂಡ್ ಶುರುವಾದ ಕೂಡಲೇ ಕೈ ತಾನಾಗಿಯೇ ಗುಂಡಿಯ ಮೇಲೆ ಹೋಗುತ್ತದೆ.

ಭಾಗ ಮಾಡುವುದು ಹೇಗೆ? ಮೆರವಣಿಗೆಯಲ್ಲಿ ಏನು ಹೋಗುತ್ತಿದೆ ಅಂತ ಮೊದಲು ನೋಡಿ. ಹೊರಗಿನವರಿಗೆ ಎಲ್ಲಾ ಮೆರವಣಿಗೆ ಒಂದೇ ತರ ಕಾಣುತ್ತದೆ. ನಿಮಗೆ ಹಾಗಲ್ಲ. ಮಾತೆಯ ಅಥವಾ ಸಂತರ ಪ್ರತಿಮೆ ಹೋಗುವ ಮೆರವಣಿಗೆ ಒಂದು ಬಗೆ. ಪರಮ ಪ್ರಸಾದ, ಅಂದರೆ ಪೂಜೆಯಲ್ಲಿ ಅರ್ಪಿಸಿದ ರೊಟ್ಟಿ, ಹೋಗುವ ಮೆರವಣಿಗೆ ಇನ್ನೊಂದು. ಎರಡನೆಯದರಲ್ಲಿ ಪರಮ ಪ್ರಸಾದವನ್ನು ಇಟ್ಟ, ಸೂರ್ಯನ ಕಿರಣದ ಹಾಗೆ ಮಾಡಿದ ಚಿನ್ನದ ಬಣ್ಣದ ಮಾನ್‌ಸ್ಟ್ರನ್ಸ್ ಇರುತ್ತದೆ. ಫಾದರ್ ಅದನ್ನು ಬರಿಗೈಯಲ್ಲಿ ಹಿಡಿಯುವುದಿಲ್ಲ, ಹೆಗಲ ಮೇಲೆ ಹೊದ್ದ ಬಟ್ಟೆಯ ತುದಿಗಳಿಂದ ಹಿಡಿದಿರುತ್ತಾರೆ. ಮೇಲೆ ನಾಲ್ಕು ಕೋಲಿನ ಮೇಲ್ಕಟ್ಟು, ಮುಂದೆ ಧೂಪ, ಗಂಟೆ. ಅಲ್ಲಿ ಹೋಗುತ್ತಿರುವುದು ಪ್ರತಿಮೆಯಲ್ಲ, ಸ್ವತಃ ಕ್ರಿಸ್ತ ಅನ್ನುವುದು ನಮ್ಮ ನಂಬಿಕೆ. ಮೇಲ್ಕಟ್ಟು ಹತ್ತಿರ ಬಂದಾಗ ದಾರಿ ಬದಿಯ ಅಜ್ಜಿಯರು ಜಲ್ಲಿಕಲ್ಲಿನ ಮೇಲೂ ಮಂಡಿಯೂರುವುದು ಅದಕ್ಕೇ. ಅವರ ನಡುವೆ ನೀವೊಬ್ಬರು ನಿಂತು ಕ್ಲಿಕ್ ಮಾಡುತ್ತಿದ್ದರೆ, ಫೋಟೋ ಎಷ್ಟು ಚೆನ್ನಾಗಿ ಬಂದರೂ ನಿಮಗೇ ಇರುಸುಮುರುಸಾಗುತ್ತದೆ.

ಹಾಗಾಗಿ ನನ್ನ ಲೆಕ್ಕ ಇಷ್ಟೇ. ಪ್ರತಿಮೆಯ ಮೆರವಣಿಗೆಯಲ್ಲಿ ಫೋಟೋ ತೆಗೆಯಿರಿ. ಪರಮ ಪ್ರಸಾದದ ಮೆರವಣಿಗೆಯಲ್ಲಿ ತಯಾರಿಯ ಫೋಟೋ ತೆಗೆಯಿರಿ, ಮುಂದಿನ ಸಾಲುಗಳ ಫೋಟೋ ತೆಗೆಯಿರಿ. ಮೇಲ್ಕಟ್ಟು ಕಣ್ಣಿಗೆ ಬಿದ್ದ ಕೂಡಲೇ ಕ್ಯಾಮೆರಾವನ್ನು ಬೆನ್ನ ಹಿಂದೆ ತಳ್ಳಿ ಮಂಡಿಯೂರಿ. ಅದು ದಾಟಿದ ಮೇಲೆ ಹಿಂದಿನ ಸಾಲಿಗೆ ಸೇರಿಕೊಂಡು ಎಲ್ಲರ ಜೊತೆ ನಡೆಯಿರಿ. ಕೊನೆಯಲ್ಲಿ ಫಾದರ್ ಮಾನ್‌ಸ್ಟ್ರನ್ಸ್ ಎತ್ತಿ ಶಿಲುಬೆಯ ಗುರುತಿನಲ್ಲಿ ಆಶೀರ್ವಾದ ಕೊಡುವಾಗಲೂ ಅಷ್ಟೇ, ತಲೆ ಬಗ್ಗಿಸಿ. ಆ ಫೋಟೋ ಬೇಕೇ ಬೇಕು ಅಂತ ಚರ್ಚಿನವರಿಗೆ ಅನಿಸಿದರೆ ಅವರು ಒಬ್ಬರನ್ನು ನೇಮಿಸಿರುತ್ತಾರೆ. ಅದು ಅವರ ಕೆಲಸ.

ಇದು ನನ್ನೊಬ್ಬನ ಮಡಿವಂತಿಕೆ ಅಂದುಕೊಳ್ಳಬೇಡಿ. ಪರಮ ಪ್ರಸಾದದ ಆಚರಣೆಯ ಬಗ್ಗೆ ವ್ಯಾಟಿಕನ್ 1967ರ ಮೇ 25ರಂದು ಹೊರಡಿಸಿದ ಸೂಚನೆಯಲ್ಲೇ ಫೋಟೋದ ಮಾತು ಬಂದಿದೆ. ಫೋಟೋ ತೆಗೆಯುವುದರಿಂದ ಪೂಜೆಗೆ ಅಡ್ಡಿ ಆಗಬಾರದು, ಸರಿಯಾದ ಕಾರಣ ಇದ್ದರೆ ಮಾತ್ರ, ಅದೂ ತುಂಬಾ ಎಚ್ಚರಿಕೆಯಿಂದ, ಆಯಾ ಕಡೆಯ ಬಿಷಪರ ನಿಯಮದ ಪ್ರಕಾರ ತೆಗೆಯಬೇಕು ಅಂತ ಅದು ಹೇಳುತ್ತದೆ. ಮೊಬೈಲಿನಲ್ಲಿ ಕ್ಯಾಮೆರಾ ಬರುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತು ಇದು, ನೋಡಿ. ಪೋಪ್ ಫ್ರಾನ್ಸಿಸ್ 2017ರ ನವೆಂಬರ್ 8ರಂದು ಇದನ್ನೇ ಇನ್ನೂ ಖಾರವಾಗಿ ಹೇಳಿದರು. ಪೂಜೆಯಲ್ಲಿ ಗುರು ಹೃದಯವನ್ನು ಮೇಲೆತ್ತಿ ಅನ್ನುತ್ತಾರೆ, ಫೋನನ್ನು ಮೇಲೆತ್ತಿ ಅನ್ನುವುದಿಲ್ಲ ಅಂದರು. ಜನರಷ್ಟೇ ಅಲ್ಲ, ಕೆಲವು ಗುರುಗಳು, ಬಿಷಪರೂ ಫೋನ್ ಎತ್ತುತ್ತಾರೆ ಅಂತ ಬೇಸರ ಮಾಡಿಕೊಂಡರು.

ಬಲಿಪೂಜೆಯ ಒಳಗಿನ ಫೋಟೋ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ನೀವು ಭಕ್ತರಾಗಿ ಹೋಗಿದ್ದರೆ ತೆಗೆಯಬೇಡಿ, ಮುಗಿಯಿತು. ಚೀಲವನ್ನು ಅಮ್ಮನ ಪಕ್ಕ ಬೆಂಚಿನ ಕೆಳಗಿಡಿ.

ಈಗ ನಿಲ್ಲುವ ಜಾಗ. ಮೆರವಣಿಗೆಯ ಫೋಟೋ ಕೆಡುವುದೂ, ಭಕ್ತಿ ಕೆಡುವುದೂ ಜಾಸ್ತಿ ಇಲ್ಲೇ. ಹೊಸಬರು ಮಾಡುವುದೇನು? ಮೆರವಣಿಗೆಯ ಎದುರು ಹಿಂದೆ ಹಿಂದೆ ನಡೆಯುತ್ತಾ ತೆಗೆಯುತ್ತಾರೆ. ಕಾಸರಗೋಡಿನ ಹಳ್ಳಿ ರಸ್ತೆ ನಿಮಗೆ ಗೊತ್ತಲ್ವಾ? ಒಂದು ಕಡೆ ಮುರಕಲ್ಲಿನ ಗೋಡೆ, ಇನ್ನೊಂದು ಕಡೆ ತೋಡು. ಹಿಮ್ಮುಖ ನಡೆದರೆ ತೋಡಿಗೆ ಬೀಳುವುದು ದೊಡ್ಡ ಮಾತಲ್ಲ. ಅದಕ್ಕಿಂತ ಕೆಟ್ಟದ್ದು, ಇಡೀ ಮೆರವಣಿಗೆ ನಿಮ್ಮ ವೇಗಕ್ಕೆ ನಡೆಯಲು ಶುರು ಮಾಡುತ್ತದೆ. ಒಂದು ಕಡೆ ನಾನೇ ನೋಡಿದ್ದೇನೆ, ಬಾಡಿಗೆಗೆ ಬಂದ ಹುಡುಗನೊಬ್ಬ ಮೇಲ್ಕಟ್ಟಿನ ಎದುರು ನಿಂತು 'ಫಾದರ್, ಒಂದ್ನಿಮಿಷ, ಸ್ವಲ್ಪ ಇತ್ಲಾಗೆ' ಅಂದ. ಫಾದರ್ ನಿಲ್ಲಲಿಲ್ಲ. ಹುಡುಗ ಹಾರಿ ಗೋಡೆ ಹತ್ತಬೇಕಾಯಿತು. ಧೂಪ ಹಿಡಿದ ಮಕ್ಕಳಿಗೆ ನಗು ತಡೆಯಲು ಆಗಲಿಲ್ಲ.

ಅದರ ಬದಲು ಒಂದು ಜಾಗ ಹುಡುಕಿ ನಿಂತುಬಿಡಿ. ಮೆರವಣಿಗೆ ನಿಮ್ಮ ಹತ್ತಿರ ಬರಲಿ, ನಿಮ್ಮನ್ನು ದಾಟಲಿ. ಒಳ್ಳೆ ಜಾಗ ಅಂದರೆ ತಿರುವು. ರಸ್ತೆ ತಿರುಗುವಲ್ಲಿ ಉದ್ದದ ಸಾಲು ಪೂರ್ತಿ ಕಾಣುತ್ತದೆ. ಮುಂದೆ ಶಿಲುಬೆ, ಅದರ ಆಚೀಚೆ ಮೇಣದಬತ್ತಿ, ಬ್ಯಾಂಡಿನವರು, ಬಾವುಟ ಹಿಡಿದ ಸಂಘದವರು, ಬಿಳಿ ಫ್ರಾಕಿನ ಹೆಣ್ಣುಮಕ್ಕಳು, ಸಿಸ್ಟರುಗಳು, ಎಲ್ಲರೂ ಒಂದೇ ಚೌಕಟ್ಟಿಗೆ ಬರುತ್ತಾರೆ. ಇಳಿಜಾರು ಸಿಕ್ಕಿದರೆ ಇನ್ನೂ ಒಳ್ಳೆಯದು. ಮೇಲೆ ನಿಂತರೆ ಹಿಂದಿನವರ ಮುಖವೂ ಕಾಣುತ್ತದೆ. ಆದರೆ ಮಾತೆಯ ಪ್ರತಿಮೆ ಇಟ್ಟ ಗ್ರೊಟ್ಟೊದ ಕಟ್ಟೆ, ಸಮಾಧಿಯ ಕಲ್ಲು, ಬೇರೆಯವರ ಮನೆಯ ತುಳಸಿಕಟ್ಟೆ ಹತ್ತಬೇಡಿ. ಇದನ್ನೂ ಹೇಳಬೇಕಾ ಅನ್ನುತ್ತೀರಿ. ಹೇಳಬೇಕು ಮಾರಾಯ್ರೇ.

ಮೆರವಣಿಗೆ ದಾಟಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಮಾತ್ರ ನಿಮ್ಮ ಕ್ಯಾಮೆರಾದ ಸಮಯ. ಕೊನೆಯ ಸಾಲು ಬಂದ ಕೂಡಲೇ ಲೆನ್ಸಿಗೆ ಮುಚ್ಚಳ ಹಾಕಿ, ಜಪಸರ ಹೊರಗೆ ತೆಗೆದು, ಸಾಲಿಗೆ ಸೇರಿಕೊಳ್ಳಿ. ಜಪಸರದ ಮುಂದಿನ ಭಾಗದಿಂದ, ಅಂದರೆ ಮುಂದಿನ ರಹಸ್ಯದಿಂದ, ನೀವೂ ಜಪದಲ್ಲಿ ಇದ್ದೀರಿ. ಅಮ್ಮ ಎಲ್ಲಿ ನಡೆಯುತ್ತಿದ್ದಾರೆ ಅಂತ ಮೊದಲೇ ಗೊತ್ತಿದ್ದರೆ ಅವರ ಪಕ್ಕಕ್ಕೇ ಹೋಗಿ. ಇಷ್ಟು ಮಾಡಿದರೆ ಹೆಚ್ಚು ಫೋಟೋ ಸಿಗುವುದಿಲ್ಲ, ನಿಜ. ಸಿಕ್ಕಿದ್ದರಲ್ಲಿ ಇಟ್ಟುಕೊಳ್ಳುವಂಥದ್ದು ಜಾಸ್ತಿ ಇರುತ್ತದೆ.

ಈ ಜಾಗ ಹುಡುಕಲು ದಾರಿ ಗೊತ್ತಿರಬೇಕು. ಅದಕ್ಕೆ ಒಂದು ವಾರ ಮೊದಲೇ ಫಾದರ್ ಹತ್ತಿರ ಹೋಗಿ. 'ನಾನು ಇಂಥವರ ಮನೆಯವಳು, ಇಂಥ ವಾಳೆಯವಳು, ಹಬ್ಬದ ಫೋಟೋ ತೆಗೆಯಬಹುದಾ, ಎಲ್ಲಿ ಬೇಡ ಹೇಳಿ' ಅಂತ ಕೇಳಿ. ಎಲ್ಲಿ ತೆಗೆಯಬಹುದು ಅಂತ ಕೇಳುವುದಕ್ಕಿಂತ ಎಲ್ಲಿ ಬೇಡ ಅಂತ ಕೇಳಿದರೆ ಉತ್ತರ ಸ್ಪಷ್ಟವಾಗಿ ಸಿಗುತ್ತದೆ. ಆಮೇಲೆ ನಿಮ್ಮ ವಾಳೆಯ, ಅಂದರೆ ಚರ್ಚಿನ ವಾರ್ಡಿನ, ಮುಖಂಡ ಗುರ್ಕಾರರನ್ನು ಹಿಡಿಯಿರಿ. ಮೆರವಣಿಗೆ ಎಷ್ಟು ಹೊತ್ತಿಗೆ ಹೊರಡುತ್ತದೆ, ಯಾವ ಶಿಲುಬೆಯ ಹತ್ತಿರ ನಿಲ್ಲುತ್ತದೆ, ಪ್ರತಿಮೆಯನ್ನು ಹೆಗಲಲ್ಲಿ ಹೊರುತ್ತಾರಾ ಜೀಪಿನಲ್ಲಿ ಇಡುತ್ತಾರಾ, ಕರೆಂಟ್ ಹೋದರೆ ಜನರೇಟರ್ ಉಂಟಾ, ಇವೆಲ್ಲಾ ಅವರಿಗೆ ಬಾಯಿಪಾಠ. ಚರ್ಚಿನವರು ನೇಮಿಸಿದ ಫೋಟೋಗ್ರಾಫರ್ ಯಾರು ಅಂತಲೂ ಕೇಳಿಟ್ಟುಕೊಳ್ಳಿ. ಅವರ ಎದುರು ಅಡ್ಡ ನಿಲ್ಲದಿದ್ದರೆ ಅರ್ಧ ಜಗಳ ತಪ್ಪುತ್ತದೆ.

ನಮ್ಮ ಕಡೆಯ ಲ್ಯಾಟಿನ್ ಚರ್ಚುಗಳು ಕೇರಳದಲ್ಲಿದ್ದರೂ ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದವು. ಹಬ್ಬದ ಕ್ರಮವೂ ಹಾಗಾಗಿ ಮಂಗಳೂರಿನ ಕಡೆಯದೇ. 1890ರಲ್ಲಿ ಶುರುವಾದ ಬೇಳದ ಶೋಕಮಾತೆಯ ಚರ್ಚ್ ನಿಮಗೆ ಹತ್ತಿರವೇ ಆಗುತ್ತದೆ. ಶೋಕಮಾತೆಯ ಸ್ಮರಣೆ ಚರ್ಚಿನ ಪಂಚಾಂಗದಲ್ಲಿ ಸೆಪ್ಟೆಂಬರ್ 15. ಆದರೆ ಕರಾವಳಿಯಲ್ಲಿ ವರ್ಷದ ಹಬ್ಬವನ್ನು ಮಳೆ ಮುಗಿದ ಮೇಲೆ ಇಟ್ಟುಕೊಳ್ಳುವ ಚರ್ಚುಗಳು ತುಂಬಾ. ಪಂಚಾಂಗ ನೋಡಿ ರಜೆ ಹಾಕಬೇಡಿ, ಚರ್ಚಿಗೆ ಫೋನ್ ಮಾಡಿ ಕೇಳಿ. ಹಬ್ಬದ ಮುಂಚಿನ ಭಾನುವಾರ ಪರಮ ಪ್ರಸಾದದ ಮೆರವಣಿಗೆ, ಹಬ್ಬದ ಹಿಂದಿನ ಸಂಜೆ ವೆಸ್ಪರ್ ಅನ್ನುವ ಸಂಜೆಯ ಪ್ರಾರ್ಥನೆ, ಮರುದಿನ ಹಬ್ಬದ ಪೂಜೆ ಅನ್ನುವುದು ಸಾಮಾನ್ಯ ಕ್ರಮ. ನನ್ನನ್ನು ಕೇಳಿದರೆ ಫೋಟೋಕ್ಕೆ ವೆಸ್ಪರ್ ದಿನವೇ ಒಳ್ಳೆಯದು. ಆವತ್ತು ಸಂಜೆ ಪ್ರಾರ್ಥನೆಗೆ ಮುಂಚೆ ಚರ್ಚಿನ ಮಾಡಿಗೆ ಲೈಟಿನ ಸರ ಕಟ್ಟುತ್ತಾ ಇರುತ್ತಾರೆ. ಸಿಸ್ಟರುಗಳು ಪ್ರತಿಮೆಗೆ ಹೂವು ಜೋಡಿಸುತ್ತಾರೆ. ಅಂಗಳದಲ್ಲಿ ಚರುಮುರಿಯವ, ಆಟದ ಸಾಮಾನಿನವ ಜಾಗಕ್ಕೆ ಗಲಾಟೆ ಮಾಡುತ್ತಾ ಇರುತ್ತಾರೆ. ಯಾರೂ ಪ್ರಾರ್ಥನೆಯಲ್ಲಿ ಇಲ್ಲ, ನೀವೂ ಯಾರಿಗೂ ಅಡ್ಡಿ ಇಲ್ಲ.

ಮೊಂತಿ ಫೆಸ್ತಿನ ಮಾತು ಸ್ವಲ್ಪ ಉದ್ದ ಹೇಳುತ್ತೇನೆ, ಅದು ಭಕ್ತರ ಕ್ಯಾಮೆರಾಕ್ಕೇ ಹೇಳಿ ಮಾಡಿಸಿದ ಹಬ್ಬ. ಆಗಸ್ಟ್ 30ರಿಂದ ಒಂಬತ್ತು ದಿನ ನೊವೆನಾ ಪ್ರಾರ್ಥನೆ. ಸೆಪ್ಟೆಂಬರ್ 8ಕ್ಕೆ ಮಾತೆ ಮರಿಯಮ್ಮನವರ ಹುಟ್ಟುಹಬ್ಬ, ಜೊತೆಗೆ ಹೊಸ ತೆನೆಯ ಹಬ್ಬ. ಎಲ್ಲರೂ 8ನೇ ತಾರೀಕಿಗೆ ಕ್ಯಾಮೆರಾ ತರುತ್ತಾರೆ. ನೀವು ನೊವೆನಾದ ಒಂದು ದಿನ ಹೋಗಿ. ಮಕ್ಕಳು ಬುಟ್ಟಿ, ಪ್ಲಾಸ್ಟಿಕ್ ತಟ್ಟೆ, ಕೆಲವರು ಟಿಫಿನ್ ಡಬ್ಬಿಯಲ್ಲೂ ಹೂವು ತಂದಿರುತ್ತಾರೆ. ದಾಸವಾಳ, ಗೊಂಡೆ, ಗುಡ್ಡದ ಬದಿಯಲ್ಲಿ ಸಿಗುವ ಕಾಡುಹೂ, ಏನೂ ಸಿಗದವರು ಕ್ರೋಟನ್ ಎಲೆಯನ್ನೇ ಚೂರು ಮಾಡಿ ತರುತ್ತಾರೆ. ಹಾಡು ಶುರುವಾದಾಗ ಒಂದೊಂದೇ ಮುಷ್ಟಿ ಎಸೆಯಬೇಕು ಅಂತ ಸಿಸ್ಟರ್ ಹೇಳಿಕೊಟ್ಟಿರುತ್ತಾರೆ. ಮೊದಲ ಸಾಲಿನಲ್ಲಿ ಒಂದು ಪುಟ್ಟದು ಎರಡನೇ ಚರಣಕ್ಕೇ ಬುಟ್ಟಿ ಖಾಲಿ ಮಾಡಿ, ಪಕ್ಕದವಳ ಬುಟ್ಟಿಗೆ ಕೈ ಹಾಕುತ್ತದೆ. ಇದನ್ನು ತೆಗೆಯಲು ಮಕ್ಕಳ ಎತ್ತರಕ್ಕೆ ಕೂತುಕೊಳ್ಳಿ. ಬದಿಯಲ್ಲಿ, ಪ್ರತಿಮೆಗೂ ಮಕ್ಕಳಿಗೂ ನಡುವೆ ಬಾರದ ಹಾಗೆ. ಹೂವು ಗಾಳಿಯಲ್ಲಿ ನಿಂತ ಹಾಗೆ ಬರಬೇಕಾದರೆ ಶಟರ್ ವೇಗ ಸೆಕೆಂಡಿನ 1/500 ಆದರೂ ಬೇಕು. ಅಷ್ಟು ಬೆಳಕು ಇಲ್ಲದಿದ್ದರೆ 1/60ಕ್ಕೆ ಇಳಿಸಿ, ಹೂವು ಗೆರೆಯ ಹಾಗೆ ಬರಲಿ, ಅದೂ ಚಂದವೇ.

8ರಂದು ತೆನೆ ಆಶೀರ್ವಾದದ ಹೊತ್ತಿಗೆ ಗುಂಪು ನುಗ್ಗುತ್ತದೆ. ಆಗ ಫಾದರ್ ಮುಖಕ್ಕಿಂತ ಕೈ ನೋಡಿ. ಆಶೀರ್ವಾದ ಆದ ಮೇಲೆ ಮನೆಗೊಂದು ಅಂತ ತೆನೆ ಹಂಚುತ್ತಾರೆ. ತೆನೆ ಇನ್ನೂ ಅರೆ ಹಸಿರು, ಕಾಳಿನ ತುದಿಯಲ್ಲಿ ಆಶೀರ್ವಾದದ ನೀರು ನಿಂತಿರುತ್ತದೆ. ವಯಸ್ಸಾದವರು ಅದನ್ನು ಕರವಸ್ತ್ರದಲ್ಲಿ ಸುತ್ತಿ, ಮುರಿಯದ ಹಾಗೆ ಎದೆಗೆ ಒತ್ತಿ ಹಿಡಿದುಕೊಂಡು ಹೋಗುತ್ತಾರೆ. ಮಕ್ಕಳ ಕೈಯಲ್ಲಿ ಕಬ್ಬು. ಸೆಪ್ಟೆಂಬರಿನ ಮೋಡದ ಬೆಳಕು ಮೆತ್ತಗೆ ಇರುತ್ತದೆ, ಮುಖಗಳಿಗೆ ಅದಕ್ಕಿಂತ ಒಳ್ಳೆ ಬೆಳಕಿಲ್ಲ. ಮಳೆ ಬಂದರೆ ಪ್ಲಾಸ್ಟಿಕ್ ತೊಟ್ಟೆಗೆ ಲೆನ್ಸಿನಷ್ಟು ತೂತು ಮಾಡಿ ರಬ್ಬರ್ ಬ್ಯಾಂಡ್ ಹಾಕಿ, ಸಾಕು.

ಅಲ್ಲಿಂದ ಮನೆಗೆ ಬನ್ನಿ, ಕ್ಯಾಮೆರಾವನ್ನು ಈಗ ಒಳಗಿಡಬೇಡಿ. ಮನೆಯ ಹಿರಿಯರು ಪ್ರಾರ್ಥನೆ ಹೇಳಿ, ತೆನೆಯ ಕಾಳು ಬಿಡಿಸಿ, ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಕೊಡುತ್ತಾರೆ. ಆಮೇಲೆ ಬಾಳೆಎಲೆಯಲ್ಲಿ ಮೀನು ಮಾಂಸ ಇಲ್ಲದ ಊಟ. ಪಲ್ಯ ಪದಾರ್ಥಗಳ ಲೆಕ್ಕ ಮೂರು, ಐದು, ಏಳು ಅಂತ ಬೆಸದಲ್ಲೇ ಇರಬೇಕು. ಗಲ್ಫಿನಲ್ಲೋ ಮುಂಬೈಯಲ್ಲೋ ಇರುವ ಮಗನಿಗೆ ನಾಲ್ಕು ಕಾಳು ಕಾಗದದಲ್ಲಿ ಮಡಚಿ ಕಳಿಸುವ ಮನೆಗಳು ಈಗಲೂ ಇವೆ. ಆ ಮಡಚುವ ಕೈಯ ಫೋಟೋ ನಿಮ್ಮ ಹತ್ತಿರ ಉಂಟಾ? ಮೆರವಣಿಗೆಯ ಫೋಟೋ ನೂರು ಜನರ ಮೊಬೈಲಿನಲ್ಲಿ ಇರುತ್ತದೆ. ಇದು ನಿಮ್ಮ ಹತ್ತಿರ ಮಾತ್ರ ಇರಬಹುದು. ನನ್ನ ಮಟ್ಟಿಗೆ ಹಬ್ಬದ ಅರ್ಧ ಫೋಟೋ ಅಡುಗೆಮನೆಯಲ್ಲೇ ಇದೆ.

ಪವಿತ್ರ ವಾರ ಬೇರೆಯೇ. ಗರಿಗಳ ಭಾನುವಾರ ಧಾರಾಳ ತೆಗೆಯಿರಿ. ಎಳೆ ತೆಂಗಿನ ಗರಿ ಬೆಳಿಗ್ಗೆಯ ಬಿಸಿಲಿಗೆ ಹೊಳೆಯುತ್ತದೆ, ಹಿಂದಿನಿಂದ ಬೆಳಕು ಬರುವ ಹಾಗೆ ನಿಲ್ಲಿ. ಗುರುವಾರದ ಪೂಜೆಯಲ್ಲಿ ಮಹಿಮಾಗೀತೆ ಆದ ಮೇಲೆ ಗಂಟೆ ನಿಲ್ಲುತ್ತದೆ, ಶನಿವಾರ ರಾತ್ರಿಯವರೆಗೆ ಮರದ ಗಿಲಕಿಯ ಸದ್ದು ಮಾತ್ರ. ಅಂಥ ನಿಶ್ಶಬ್ದದಲ್ಲಿ ನಿಮ್ಮ ಕ್ಯಾಮೆರಾದ ಕಟಕ್ ಅನ್ನುವ ಸದ್ದು ಹತ್ತು ಬೆಂಚಿಗೆ ಕೇಳುತ್ತದೆ. ಶುಭ ಶುಕ್ರವಾರದ ಶಿಲುಬೆಯ ಹಾದಿ ಗುಡ್ಡದ ಮೇಲೆ ನಡೆಯುವುದಾದರೆ ಹದಿನಾಲ್ಕು ಸ್ಥಳಗಳಲ್ಲಿ ಒಂದನ್ನೋ ಎರಡನ್ನೋ ಆರಿಸಿಕೊಳ್ಳಿ. ಉಳಿದವುಗಳಲ್ಲಿ ಪ್ರಾರ್ಥನೆ. ಶಿಲುಬೆಗೆ ಮುತ್ತಿಡುವ ಸಾಲಿನಲ್ಲಿ ಅಳುವವರು ಇರುತ್ತಾರೆ. ಅವರ ಮುಖ ಹತ್ತಿರಕ್ಕೆ ಎಳೆದು ತೆಗೆಯಬೇಡಿ. ಈಸ್ಟರ್ ಜಾಗರಣೆಗೆ ಕ್ಯಾಮೆರಾ ಮನೆಯಲ್ಲೇ ಇರಲಿ ಅನ್ನುತ್ತೇನೆ. ಚರ್ಚಿನ ದೀಪ ಎಲ್ಲಾ ಆರಿಸಿ, ಕತ್ತಲಲ್ಲಿ ಒಂದೇ ಒಂದು ಪಾಸ್ಖ ಮೇಣದಬತ್ತಿ ಒಳಗೆ ಬರುವ ಹೊತ್ತು ಅದು. ನಿಮ್ಮ ಕ್ಯಾಮೆರಾದ ಹಿಂದಿನ ಪರದೆ ಆವತ್ತು ಆ ಬತ್ತಿಗಿಂತ ಜಾಸ್ತಿ ಹೊಳೆಯುತ್ತದೆ.

ನವೆಂಬರ್ 2ಕ್ಕೆ, ಮೃತರ ಸ್ಮರಣೆಯ ದಿನ, ಸಿಮೆಟ್ರಿಯಲ್ಲಿ ಸಾಲು ಸಾಲು ಬತ್ತಿ ಹಚ್ಚುವಾಗ ಫೋಟೋದ ಆಸೆ ಆಗಿಯೇ ಆಗುತ್ತದೆ. ನಿಮ್ಮ ಮನೆಯವರ ಸಮಾಧಿ ತೆಗೆಯಿರಿ. ದೂರದಿಂದ ಇಡೀ ಜಾಗ ತೆಗೆಯಿರಿ. ಬೇರೆಯವರ ದುಃಖ ಅವರದ್ದು. ಪಾಪನಿವೇದನೆಯ ಸಾಲು, ಪರಮ ಪ್ರಸಾದ ಸ್ವೀಕರಿಸುವವರ ನಾಲಗೆ, ಕೈ ಇವುಗಳ ಫೋಟೋ ಯಾವತ್ತೂ ಬೇಡ.

ನಿಮ್ಮ ಪಟ್ಟೆಯ ಸಮಸ್ಯೆಗೆ ಬರೋಣ. ಕ್ಯಾಮೆರಾ ಹಾಳಾಗಿಲ್ಲ. ನಮ್ಮ ಕರೆಂಟ್ 50 ಹರ್ಟ್ಸ್. ಅಂದರೆ ಅಗ್ಗದ ಎಲ್‌ಇಡಿ ಸರಗಳು, ಟ್ಯೂಬ್‌ಲೈಟುಗಳು ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. ಕಣ್ಣಿಗೆ ಕಾಣುವುದಿಲ್ಲ. ಶಟರ್ 1/500ರಲ್ಲಿ ಇಟ್ಟರೆ ಆ ಮಿಣುಕಿನ ಒಂದು ಚೂರು ಮಾತ್ರ ಕ್ಯಾಮೆರಾಕ್ಕೆ ಸಿಗುತ್ತದೆ, ಅದೇ ಕಪ್ಪು ಪಟ್ಟೆ. ಪೂಜೆಗೆ ಅಡ್ಡಿ ಬೇಡ ಅಂತ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಾಕಿದ್ದರೆ ಪಟ್ಟೆ ಇನ್ನೂ ಜಾಸ್ತಿ. ಶಟರನ್ನು 1/100ಕ್ಕೆ ಅಥವಾ 1/50ಕ್ಕೆ ತನ್ನಿ. ಮೆಲ್ಲಗೆ ನಡೆಯುವ ಸಾಲಿಗೆ 1/100 ಸಾಕು. ಲೈಟಿನ ಸರದಿಂದ ದೂರ, ಬರೀ ಮೇಣದಬತ್ತಿಯ ಬೆಳಕಿನಲ್ಲಿ ಈ ತೊಂದರೆ ಇಲ್ಲ.

ಫ್ಲಾಶ್ ಬೇಡವೇ ಬೇಡ. ಕತ್ತಲಲ್ಲಿ ಫೋಕಸ್ ಹುಡುಕಲು ಕೆಲವು ಕ್ಯಾಮೆರಾದ ಮುಂದೆ ಕಿತ್ತಳೆ ಬಣ್ಣದ ಸಣ್ಣ ದೀಪ ಹೊತ್ತಿಕೊಳ್ಳುತ್ತದೆ, ಅದನ್ನೂ ಮೆನುವಿನಲ್ಲಿ ಆಫ್ ಮಾಡಿ. ಎದುರಿನವರ ಕಣ್ಣಿಗೆ ಅದು ಫ್ಲಾಶಿಗಿಂತ ಕಿರಿಕಿರಿ. ಮೇಣದಬತ್ತಿ ಹಿಡಿದ ಮುಖಕ್ಕೆ ಐಎಸ್‌ಒ 3200 (ಬೆಳಕು ಹಿಡಿಯುವ ಶಕ್ತಿ), ಅಪರ್ಚರ್ ಅಂದರೆ ಲೆನ್ಸಿನ ಕಿಂಡಿ ಎಷ್ಟು ತೆರೆಯುತ್ತದೋ ಅಷ್ಟು. ಸುತ್ತ ಕತ್ತಲೆ ಇರುವುದರಿಂದ ಕ್ಯಾಮೆರಾ ತಾನಾಗಿ ಬಿಟ್ಟರೆ ಮುಖವನ್ನು ಬಿಳುಚಿಸಿಬಿಡುತ್ತದೆ. ಎಕ್ಸ್‌ಪೋಶರನ್ನು ಒಂದು ಸ್ಟಾಪ್, ಅಂದರೆ ಬೆಳಕು ಅರ್ಧ ಆಗುವಷ್ಟು, ಇಳಿಸಿ. ಹಗಲಿನಲ್ಲಿ ಇದರ ಉಲ್ಟಾ. ಬಿಳಿ ಚರ್ಚು, ಬಿಳಿ ನಿಲುವಂಗಿ, ಬಿಳಿ ಫ್ರಾಕು ಚೌಕಟ್ಟಿನಲ್ಲಿ ತುಂಬಿದ್ದರೆ ಕ್ಯಾಮೆರಾ ಎಲ್ಲವನ್ನೂ ಬೂದಿ ಬಣ್ಣ ಮಾಡುತ್ತದೆ. ಆಗ ಅರ್ಧದಿಂದ ಒಂದು ಸ್ಟಾಪ್ ಏರಿಸಿ. ಮೊಬೈಲಿನ ನೈಟ್ ಮೋಡ್ ನಿಂತ ಚರ್ಚಿಗೆ ಸರಿ, ನಡೆಯುವ ಜನರಿಗೆ ಅಲ್ಲ. ಅದು ಸೆಕೆಂಡುಗಟ್ಟಲೆ ಬೆಳಕು ಕೂಡಿಸುವುದರಿಂದ ಜನರೆಲ್ಲಾ ಹೊಗೆಯ ಹಾಗೆ ಬರುತ್ತಾರೆ. ಇನ್ನೊಂದು ಒಳ್ಳೆ ಹೊತ್ತು ಉಂಟು. ಸೂರ್ಯ ಮುಳುಗಿ ಹದಿನೈದು ಇಪ್ಪತ್ತು ನಿಮಿಷ, ಅಡಿಕೆ ತೋಟದ ಮೇಲೆ ಆಕಾಶ ಇನ್ನೂ ನೀಲಿ, ಕೆಳಗೆ ಬತ್ತಿ ಹಳದಿ. ಆ ಹೊತ್ತಿಗೆ ನಿಮ್ಮ ತಿರುವಿನಲ್ಲಿ ನಿಂತಿರಿ.

ಪೂರ್ವದ ಗುಡ್ಡದ ಕಡೆ, ರಾಜಪುರಂ, ವೆಳ್ಳರಿಕುಂಡಿನ ಹಬ್ಬಗಳಿಗೂ ಒಮ್ಮೆ ಹೋಗಿ ಬನ್ನಿ. ರಾಜಪುರಂಗೆ ಕೋಟ್ಟಯಂ ಕಡೆಯ ಜನ ಬಂದು ನೆಲೆಸಿದ್ದು 1943ರಲ್ಲಿ. ಅವರದ್ದು ಸುರಿಯಾನಿ ಸಂಪ್ರದಾಯ. ಮುತ್ತುಕೊಡೆ, ಚೆಂಡೆ, ಬೆಳ್ಳಿ ಚಿನ್ನದ ಬಣ್ಣದ ಶಿಲುಬೆಗಳು, ಜನವರಿಯಲ್ಲಿ ಸಂತ ಸೆಬಾಸ್ಟಿಯನ್ನರ ಹಬ್ಬಕ್ಕೆ ಬಾಣ ಹೊತ್ತು ಹೋಗುವ ಪದ್ಧತಿ. ಬಣ್ಣಕ್ಕೆ, ಸದ್ದಿಗೆ ನಮ್ಮ ಕಡೆಯದು ಅದರ ಎದುರು ಸಪ್ಪೆ ಅನಿಸಬಹುದು. ಅಲ್ಲಿ ನೀವು ಅತಿಥಿ. ಕೇಳುವುದು ಇನ್ನೂ ಸ್ವಲ್ಪ ಜಾಸ್ತಿ ಇರಲಿ, ಮಲಯಾಳಂನಲ್ಲಿ ಕೇಳಿದರೆ ಒಳ್ಳೆಯದು. ಪರಮ ಪ್ರಸಾದದ ಲೆಕ್ಕ ಅಲ್ಲಿಯೂ ಅದೇ.

ಹಾಕಿಕೊಳ್ಳುವ ಬಟ್ಟೆಯ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಹಬ್ಬದ ಬಟ್ಟೆಯಲ್ಲೇ ಹೋಗಿ. ಹತ್ತು ಜೇಬಿನ ಜಾಕೆಟ್ ಹಾಕಿಕೊಂಡರೆ ಜನ ನಿಮ್ಮನ್ನು ಪತ್ರಿಕೆಯವರು ಅಂದುಕೊಂಡು ನೆಟ್ಟಗೆ ನಿಲ್ಲುತ್ತಾರೆ. ಕ್ಯಾಮೆರಾದ ಪಟ್ಟಿ ಕುತ್ತಿಗೆಗೆ ಬೇಡ, ಹೆಗಲಿಂದ ಸೊಂಟಕ್ಕೆ ಅಡ್ಡ ಹಾಕಿ. ಮಂಡಿಯೂರುವಾಗ ಬೆಂಚಿಗೆ ಬಡಿಯುವುದಿಲ್ಲ. ಚೀಲ ಸಣ್ಣದಿರಲಿ. ಡ್ರೋನ್ ಆಸೆ ಇದ್ದರೆ ಬಿಟ್ಟುಬಿಡಿ. ತಲೆಯ ಮೇಲೆ ಜೇನುಹುಳದ ಹಾಗೆ ಗುಂಯ್ ಅಂದರೆ ಯಾರ ಜಪವೂ ಸಾಗುವುದಿಲ್ಲ.

ತೆಗೆದ ಫೋಟೋ ಏನು ಮಾಡುತ್ತೀರಿ ಅನ್ನುವುದೂ ಮುಖ್ಯ. ಬೇರೆಯವರ ಮಕ್ಕಳ ಫೋಟೋವನ್ನು ಅಪ್ಪ ಅಮ್ಮನನ್ನು ಕೇಳದೆ ಸ್ಟೇಟಸ್ಸಿಗೆ ಹಾಕಬೇಡಿ. ನಮ್ಮ ಮೆರವಣಿಗೆ ದಾಟುವಾಗ ಗೇಟಿನ ಹತ್ತಿರ ದೀಪ ಇಟ್ಟು ನಿಲ್ಲುವ ಪಕ್ಕದ ಮನೆಯವರು, ಪಾನಕ ಕೊಡುವ ಅಂಗಡಿಯವರು, ಬೇರೆ ಧರ್ಮದವರು, ಅವರನ್ನೂ ಕೇಳಿ. ಅವರಿಗೆ ಪ್ರೀತಿ ಇರುತ್ತದೆ, ಆದರೆ ಅದನ್ನು ಊರಿಗೆಲ್ಲಾ ತೋರಿಸುವುದು ಬೇಡ ಅನಿಸಿರಬಹುದು. ಒಳ್ಳೆಯ ಕೆಲವನ್ನು ಆರಿಸಿ ಪೆನ್‌ಡ್ರೈವಿನಲ್ಲಿ ಚರ್ಚಿಗೆ ಕೊಡಿ. ವಾಟ್ಸಾಪಿನಲ್ಲಿ ಕಳಿಸಿದರೆ ಫೋಟೋ ಕುಗ್ಗಿ ಹೋಗುತ್ತದೆ. ವಯಸ್ಸಾದವರ ಫೋಟೋ ಒಂದೊಂದು ಪ್ರಿಂಟ್ ಮಾಡಿಸಿ ಮನೆಗೆ ಕೊಟ್ಟು ಬನ್ನಿ. ಮುಂದಿನ ಹಬ್ಬಕ್ಕೆ ನಿಮ್ಮ ಕ್ಯಾಮೆರಾ ನೋಡಿ ಯಾರೂ ಮುಖ ತಿರುಗಿಸುವುದಿಲ್ಲ. ಪ್ರಿಂಟಿನ ಹಿಂದೆ ಪೆನ್ಸಿಲಿನಲ್ಲಿ ಹೆಸರು, ವಾಳೆ, ಹಬ್ಬ, ವರ್ಷ ಬರೆಯಿರಿ. ಹಳೇ ಮನೆಗಳ ಗೋಡೆಯಲ್ಲಿ ಯಾರು ಅಂತಲೇ ಗೊತ್ತಿಲ್ಲದ ಹಬ್ಬದ ಫೋಟೋಗಳು ಎಷ್ಟು ತೂಗುತ್ತಿವೆ, ನೀವೇ ನೋಡಿದ್ದೀರಿ.

ಕೊನೆಗೆ ಲೆನ್ಸ್. ಹಗಲಿನ ಮೆರವಣಿಗೆಗೆ, ಮನೆಯ ಊಟಕ್ಕೆ ನಿಮ್ಮ 18–55 ಸಾಕಷ್ಟಾಯಿತು. ರಾತ್ರಿಗೆ ಅದು ಸೋಲುತ್ತದೆ, ಝೂಮ್ ಮಾಡಿದಾಗ ಅದರ ಅಪರ್ಚರ್ ಎಫ್/5.6ರ ಆಸುಪಾಸಿಗೆ ಮುಚ್ಚಿಕೊಳ್ಳುತ್ತದೆ. ಎಫ್/1.8ರ ಲೆನ್ಸ್ ಅದಕ್ಕಿಂತ ಮೂರು ಸ್ಟಾಪಿಗೂ ಜಾಸ್ತಿ ಬೆಳಕು ಒಳಗೆ ಬಿಡುತ್ತದೆ. 50 ಎಂಎಂ ಎಫ್/1.8 ಹೆಚ್ಚಿನ ಕಂಪನಿಗಳಲ್ಲಿ ಅಗ್ಗದ ಲೆನ್ಸುಗಳ ಪೈಕಿ ಒಂದು, ಹಳೆಯದು ಸಿಕ್ಕಿದರೂ ಪರವಾಗಿಲ್ಲ. ನಿಮ್ಮದು ಸಣ್ಣ ಸೆನ್ಸರಿನ ಕ್ಯಾಮೆರಾ ಆದರೆ ನಾನು 35 ಎಂಎಂ ಕಡೆ ವಾಲುತ್ತೇನೆ. ನಮ್ಮ ರಸ್ತೆಗಳು ಕಿರಿದು, 50ರಲ್ಲಿ ಹಿಂದೆ ಸರಿಯಲು ಜಾಗ ಸಾಕಾಗುವುದಿಲ್ಲ, ಬೆನ್ನಿಗೆ ಗೋಡೆ ತಾಗುತ್ತದೆ. ದೊಡ್ಡ ಟೆಲಿ ಲೆನ್ಸ್ ಬೇಡ. ಅದು ಕೈಯಲ್ಲಿದ್ದರೆ ದೂರದಿಂದಲೇ ಎಲ್ಲರ ಮುಖ ಎಳೆಯುವ ಚಟ ಹತ್ತುತ್ತದೆ. ಕೊಳ್ಳುವ ಮೊದಲು 18–55ನ್ನು 35ರಲ್ಲಿ ನಿಲ್ಲಿಸಿ, ಝೂಮ್ ಮುಟ್ಟದೆ ನೊವೆನಾದ ಒಂದು ಸಂಜೆ ತೆಗೆದು ನೋಡಿ. ಆ ದೂರ ನಿಮಗೆ ಹಿಡಿಸಿದರೆ ಆಮೇಲೆ ದುಡ್ಡು ಹಾಕಿ.